ನಗುವಿಗೂ ಸೆಂಟ್ ಲೆಕ್ಕ: ಮಳೆ ಪುಸ್ತಕದಲ್ಲಿ ಇನ್ನೊಂದು ಕಾಲಂ

ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರ ತಲೆಗೂ ಹತ್ತುವುದಿಲ್ಲ. ಟೀವಿಯಲ್ಲಿ ‘ಮಡಿಕೇರಿಯಲ್ಲಿ 25 ಮಿಲಿಮೀಟರ್’ ಅಂದರೆ ಅಪ್ಪ ‘ಅಂದ್ರೆ ಎಷ್ಟು?’ ಅಂತ ನನ್ನ ಮುಖ ನೋಡುತ್ತಾರೆ. ‘ಒಂದು ಇಂಚು’ ಅಂದ ಮೇಲೆಯೇ ಅವರಿಗೆ ಮಳೆ ಬಂದಂತೆ. ಇಂಚಿಗೆ ನೂರು ಸೆಂಟ್. ‘ನಿನ್ನೆ ಎಷ್ಟು?’ ಅಂತ ಕೇಳಿದರೆ ‘ಒಂದು ಇಪ್ಪತ್ತು’ ಅನ್ನುತ್ತೇವೆ. ಒಂದು ಇಂಚು ಇಪ್ಪತ್ತು ಸೆಂಟ್ ಅಂತ ಅರ್ಥ. ಜಾಗವನ್ನೂ ಸೆಂಟಿನಲ್ಲೇ ಅಳೆಯುವ ಊರು ಇದು. ಹಾಗಾಗಿ ಬಸ್ಸಿನಲ್ಲಿ ಕೂತ ಹೊರಗಿನವರು ‘ನಮಗೆ ನಿನ್ನೆ ನಲವತ್ತು ಸೆಂಟ್ ಸಿಕ್ತು’ ಅನ್ನುವ ಮಾತು ಕೇಳಿದರೆ, ಯಾರಿಗೋ ಆಸ್ತಿ ಪಾಲಾಗಿದೆ ಅಂದುಕೊಳ್ಳಬೇಕು.

ಕೊಡಗಿನ ಮಾದಾಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ತೋಟ ಇದ್ದವರ ಮನೆಯಲ್ಲಿ ಇರುವ ಹಾಗೆ ನಮ್ಮಲ್ಲೂ ಒಂದು ಮಳೆ ಪುಸ್ತಕ ಇದೆ. ದಿನಾಂಕ, ಇಂಚು, ಸೆಂಟ್, ಕೊನೆಯಲ್ಲಿ ಷರಾ. ಷರಾ ಕಾಲಂ ಇರುವುದು ‘ಗೊಬ್ಬರ ಹಾಕಿದ್ದು’, ‘ನೆರಳು ಮರದ ಕೊಂಬೆ ತೆಗೆಸಿದ್ದು’ ಅಂತ ಬರೆಯಲಿಕ್ಕೆ. 1996ರ ಜುಲೈಯಲ್ಲಿ ಒಂದು ದಿನ ಅಮ್ಮ ಆ ಕಾಲಂನಲ್ಲಿ ಬರೆದರು: ‘ಇವರು ಎರಡು ಕಾಲಿಗೂ ಎಡಗಾಲಿನ ಗಂಬೂಟು ಹಾಕಿಕೊಂಡು ಪೇಟೆಗೆ ಹೋಗಿ ಬಂದರು.’ ಒಂದು ಬೂಟು ಅಪ್ಪನದು, ಇನ್ನೊಂದು ಚಿಕ್ಕಪ್ಪನದು. ಪೇಟೆಯಲ್ಲಿ ಯಾರೂ ಹೇಳಲಿಲ್ಲವಂತೆ. ‘ಕಾಲು ಉಳುಕಿತಾ?’ ಅಂತ ಮಾತ್ರ ಮೂರು ಜನ ಕೇಳಿದರಂತೆ.

ಅಲ್ಲಿಂದ ಆ ಕಾಲಂ ದಾರಿ ತಪ್ಪಿತು. ಗೊಬ್ಬರದ ಲೆಕ್ಕ ಬೇರೆ ಪುಸ್ತಕಕ್ಕೆ ಹೋಯಿತು. ನಾಲ್ಕು ತಿಂಗಳು ಸೂರ್ಯನನ್ನೇ ಕಾಣದ ಜಾಗದಲ್ಲಿ, ಕರೆಂಟ್ ಇಲ್ಲದೆ, ಒಣಗದ ಬಟ್ಟೆಯ ವಾಸನೆಯಲ್ಲಿ ಕೂತು, ನಗಲಿಕ್ಕೆ ಏನಾದರೂ ಸಿಗುತ್ತದಾ ಅಂತ ನೋಡುವ ಅಭ್ಯಾಸ ನಮಗೆ ಹೀಗೆ ಬಂತು. ನಿಮಗೂ ಬೇಕಿದ್ದರೆ ಮಾಡುವ ಕ್ರಮ ಇದು. ತೋಟ ಬೇಕಂತಿಲ್ಲ. ಬಾಡಿಗೆ ಮನೆಯ ತಾರಸಿಯೂ ಸಾಕು.

1. ಮೊದಲು ಒಂದು ಡಬ್ಬ, ಒಂದು ಪುಸ್ತಕ

ನಗುವ ಪುಸ್ತಕಕ್ಕೆ ಮಳೆ ಯಾಕೆ ಅಂತ ಕೇಳಬಹುದು. ಸುಮ್ನೆ ‘ಇವತ್ತು ಏನು ಚೆನ್ನಾಗಿತ್ತು?’ ಅಂತ ಬರೆಯಲು ಕೂತರೆ ನಾಲ್ಕನೇ ದಿನಕ್ಕೆ ಕೈ ನಿಲ್ಲುತ್ತದೆ. ನಾನು ಪೇಟೆಯಲ್ಲಿ ಓದುವಾಗ ಹಾಗೆ ಮಾಡಿ ನೋಡಿದ್ದೇನೆ. ಅಳೆಯುವ ಕೆಲಸ ಒಂದಿದ್ದರೆ ಪುಸ್ತಕ ದಿನಾ ತೆರೆಯಲೇಬೇಕು. ತೆರೆದ ಮೇಲೆ ಪಕ್ಕದ ಕಾಲಂ ಖಾಲಿ ಬಿಡಲಿಕ್ಕೆ ಮನಸ್ಸು ಬರುವುದಿಲ್ಲ.

ಅಂಗಡಿಯಲ್ಲಿ ಮಳೆಮಾಪಕ ಸಿಗುತ್ತದೆ. ಇಲ್ಲದಿದ್ದರೆ ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ, ಗೋಡೆ ನೇರ ಇರುವ ಡಬ್ಬ ತೆಗೆದುಕೊಳ್ಳಿ. ಅದರಲ್ಲಿ ನಿಂತ ನೀರಿಗೆ ಶಾಲೆಯ ಸ್ಕೇಲ್ ಇಳಿಸಿದರೆ ಎಷ್ಟು ಇಂಚು ಬರುತ್ತದೋ ಅಷ್ಟೇ ಮಳೆ. ಕೆಳಗೆ ಸಣ್ಣದಾಗುವ ಬಕೆಟ್ ಬೇಡ, ಲೆಕ್ಕ ಕೆಡುತ್ತದೆ. ಮಾಡಿನ ನೀರು, ಮರದ ಹನಿ ಬೀಳದ ಬಯಲಲ್ಲಿ ಇಡಿ. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇದ್ದರೆ ಒಳ್ಳೆಯದು. ಸಿಲ್ವರ್ ಓಕ್ ತುಂಬಿದ ತೋಟದಲ್ಲಿ ಅಂಥ ಜಾಗ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ನೆಲದಿಂದ ಸ್ವಲ್ಪ ಎತ್ತರದಲ್ಲಿ ಇಡುವುದನ್ನು ಮರೆಯಬೇಡಿ. ನಮ್ಮ ಡಬ್ಬದಲ್ಲಿ ಒಮ್ಮೆ ಜನವರಿಯಲ್ಲಿ ಮೂವತ್ತು ಸೆಂಟ್ ಬಂದಿತ್ತು. ಆಕಾಶದಲ್ಲಿ ಮೋಡವೇ ಇರಲಿಲ್ಲ. ಕಣದಲ್ಲಿ ನಾಯಿ ಇತ್ತು.

2. ಬೆಳಿಗ್ಗೆಯ ಫೋನಿಗೆ ಕಿವಿ ಕೊಡಿ

ದಿನಾ ಒಂದೇ ಹೊತ್ತಿಗೆ ಅಳೆಯಿರಿ. ನಮ್ಮಲ್ಲಿ ಬೆಳಿಗ್ಗೆ ಏಳು ಗಂಟೆಗೆ. ಏಳೂ ಐದಕ್ಕೆ ಫೋನ್ ಬರುತ್ತದೆ, ತೋಡಿನ ಆಚೆ ತೋಟದ ಮಾವನದು.

‘ನಿಮ್ಮಲ್ಲಿ ಎಷ್ಟು?’

‘ನಿಮ್ಮಲ್ಲಿ ಎಷ್ಟು, ಹೇಳಿ.’

‘ನಾನು ಮೊದಲು ಕೇಳಿದ್ದಲ್ವಾ ಮಾರಾಯ್ರೇ.’

‘ಡಬ್ಬ ಇನ್ನೂ ನೋಡಲಿಲ್ಲ.’ ಇದನ್ನು ಹೇಳುವಾಗ ಅಪ್ಪನ ಕೈಯಲ್ಲಿ ಡಬ್ಬ ಇರುತ್ತದೆ.

ಮೊದಲು ಹೇಳಿದವನು ಸೋತ ಹಾಗೆ. ಎರಡನೆಯವನು ಹತ್ತು ಸೆಂಟ್ ಸೇರಿಸುತ್ತಾನೆ. ಕೊಡಗಿನ ಮಳೆ ಈ ಆಟಕ್ಕೆ ಹೇಳಿ ಮಾಡಿಸಿದ್ದು, ಯಾಕೆಂದರೆ ಸುಳ್ಳು ಅಂತ ಯಾರೂ ಹೇಳಲಾಗದು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಇಂಚು ದಾಟುವುದು ಮಾಮೂಲು. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮಡಿಕೇರಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಹೋದರೆ ಅದರ ಅರ್ಧವೂ ಇಲ್ಲ. ಇಷ್ಟು ವ್ಯತ್ಯಾಸ ಇರುವ ಜಿಲ್ಲೆಯಲ್ಲಿ ಒಂದು ತೋಡಿನ ಆಚೆ ಈಚೆ ಹತ್ತು ಸೆಂಟ್ ಹೆಚ್ಚುಕಮ್ಮಿ ಆಗದೆ ಇರುತ್ತದಾ?

ಇದರಿಂದ ಕಲಿತದ್ದು ಒಂದು. ಜನ ಆಡಿದ ಮಾತನ್ನು ಆಡಿದ ಹಾಗೇ ಬರೆದಿಡಿ. ‘ಮಾವ ಮಳೆಯ ವಿಷಯದಲ್ಲಿ ಜಂಬ ಮಾಡಿದರು’ ಅಂತ ಬರೆದರೆ ಆರು ತಿಂಗಳ ಮೇಲೆ ಓದುವಾಗ ಏನೂ ಅನಿಸುವುದಿಲ್ಲ. ‘ಡಬ್ಬ ಇನ್ನೂ ನೋಡಲಿಲ್ಲ’ ಅಂತ ಮೂರೇ ಶಬ್ದ ಬರೆಯಿರಿ, ಅಪ್ಪನ ಮುಖವೇ ಕಾಣುತ್ತದೆ.

3. ನಗುವಿಗೂ ಸೆಂಟ್ ಹಾಕಿ

ಮುಗುಳುನಗೆ ಹತ್ತು ಸೆಂಟ್. ಶಬ್ದ ಬಂದರೆ ಐವತ್ತು. ಕಣ್ಣಲ್ಲಿ ನೀರು ಬಂದರೆ ಒಂದು ಇಂಚು. ವರ್ಷಕ್ಕೆ ಎರಡೋ ಮೂರೋ ಇಂಚಿನ ನಗು ಸಿಕ್ಕೀತು. ಉಳಿದದ್ದೆಲ್ಲ ಐದು, ಹತ್ತು ಸೆಂಟಿನವು. ಅವನ್ನು ಬಿಡದೆ ಬರೆಯಬೇಕು, ಇಡೀ ಕೆಲಸ ಇರುವುದೇ ಅಲ್ಲಿ. ಕಾಫಿ ಗಿಡಕ್ಕೆ ಹೂ ಮಳೆ, ಅಂದರೆ ಹೂ ಅರಳಿಸುವ ಮಳೆ, ಹತ್ತೇ ಸೆಂಟ್ ಬಂದರೆ ನಷ್ಟ, ಮೊಗ್ಗು ಅರ್ಧಂಬರ್ಧ ಬಿಟ್ಟು ಹಾಳಾಗುತ್ತದೆ. ಮನುಷ್ಯರು ಹಾಗಲ್ಲ, ಹತ್ತು ಸೆಂಟಿನಲ್ಲೂ ಸುಧಾರಿಸಿಕೊಳ್ಳುತ್ತಾರೆ.

4. ಜಿಗಣೆಯಿಂದ ಶುರು ಮಾಡಿ, ಅಂದರೆ ನಿಮ್ಮ ಮನೆಯಿಂದಲೇ

ಬೇರೆಯವರ ಬಗ್ಗೆ ನಗುವ ಮೊದಲು ನಮ್ಮ ಮನೆಯ ಅವಾಂತರಗಳು ನಾಲ್ಕು ಪುಟ ತುಂಬಬೇಕು ಅನ್ನುವುದು ಅಮ್ಮನ ಕಾನೂನು. ಮಳೆಗಾಲದಲ್ಲಿ ಅದಕ್ಕೇನೂ ಕಷ್ಟ ಇಲ್ಲ, ಜಿಗಣೆ ಇದೆಯಲ್ಲ.

ಅಕ್ಕನನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬಂದದ್ದು ಜೂನ್ ಮೊದಲ ವಾರ. ಮಳೆ ಆಗ ತಾನೇ ಹಿಡಿದಿತ್ತು. ರಸ್ತೆಯಿಂದ ಮನೆಗೆ ತೋಟದೊಳಗಿನ ಕಾಲುದಾರಿ. ಹುಡುಗ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದ. ದೊಡ್ಡವರೆಲ್ಲ ಗೋತ್ರ, ಸಂಬಳ, ಸ್ವಂತ ಮನೆ ಅಂತ ಮಾತಾಡುತ್ತಿದ್ದರು. ಅಕ್ಕ ಕಾಫಿ ತಂದಳು. ತಲೆ ತಗ್ಗಿಸಿಕೊಂಡೇ ಬಂದಳು, ಹೇಳಿಕೊಟ್ಟ ಹಾಗೆ. ತಗ್ಗಿಸಿದ್ದಕ್ಕೆ ಅವಳ ಕಣ್ಣಿಗೆ ಮಾತ್ರ ಕಂಡಿತು, ಹುಡುಗನ ಕಾಲುಚೀಲದ ಮೇಲೆ ದ್ರಾಕ್ಷಿಯಷ್ಟು ಉಬ್ಬಿ ಕೂತಿದ್ದ ಜಿಗಣೆ. ತಟ್ಟೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಒಂದು ಚಮಚ ಉಪ್ಪು ಹಿಡಿದುಕೊಂಡು ವಾಪಸ್ ಬಂದಳು. ಹುಡುಗನ ಅಮ್ಮ ಗಾಬರಿಯಾಗಿ ಕೇಳಿದರು: ‘ಕೊಡಗಿನಲ್ಲಿ ಕಾಫಿಗೆ ಉಪ್ಪು ಹಾಕ್ತಾರಾ?’

ಅಕ್ಕ ತನ್ನ ಗಂಡನ ಜೊತೆ ಆಡಿದ ಮೊದಲ ಮಾತು ‘ಕಾಲು ಎತ್ತಿ’.

ಜಿಗಣೆಯನ್ನು ಎಳೆದು ಕೀಳಬಾರದು. ಉಪ್ಪು ಅಥವಾ ಎಲೆಅಡಿಕೆಯ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ತುಂಬಾ ಹೊತ್ತು ಸೋರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಹೆದರಬೇಕಾಗಿಲ್ಲ. ಒತ್ತಿ ಹಿಡಿದರೆ ನಿಲ್ಲುತ್ತದೆ. ಇದನ್ನು ಆ ದಿನ ಯಾರೂ ಬಾವನಿಗೆ ಹೇಳಲಿಲ್ಲ. ಊಟಕ್ಕೆ ಏಳುವಾಗ ಬಿಳಿ ಪ್ಯಾಂಟಿನ ಒಂದು ಕಾಲು ಬಿಳಿ ಇರಲಿಲ್ಲ. ಆದರೂ ಮದುವೆಗೆ ಒಪ್ಪಿದರು. ಪುಸ್ತಕದಲ್ಲಿ ಆ ದಿನಕ್ಕೆ ಎಂಬತ್ತು ಸೆಂಟ್ ಇದೆ. ಒಂದು ಇಂಚು ಹಾಕಲು ಅಪ್ಪ ಒಪ್ಪಲಿಲ್ಲ, ಪ್ಯಾಂಟು ತೊಳೆಯುವವರ ಕಷ್ಟ ನೋಡಬೇಕು ಅಂದರು.

5. ಸಂತೆಗೆ ಚೀಲ ಹಿಡಿದು ಹೋಗಿ, ಅವಸರ ಬೇಡ

ಸೋಮವಾರ ಸೋಮವಾರಪೇಟೆ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ. ಯಾವ ಸಂತೆಯಾದರೂ ಸರಿ. ಒಂದು ಕಿಲೋ ಟೊಮೆಟೊ ತೂಗುವಷ್ಟರಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು ಎಲ್ಲ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆ ಒಂದಕ್ಕೊಂದು ಡಿಕ್ಕಿ ಹೊಡೆಯುವಲ್ಲಿ ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ.

ದಿನಸಿ ಅಂಗಡಿಗೆ ಕೇರಳದಿಂದ ಹೊಸ ಹುಡುಗ ಬಂದಿದ್ದ. ಅಮ್ಮ ದೊಡ್ಡ ಚೀಲವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ‘ಇರಪ್ಪಾ, ಚೀಲದಲ್ಲಿ ಪಟ್ಟಿ ಉಂಟು, ತೆಗೀತೇನೆ’ ಅಂತ ಕೈ ಹಾಕಿದರು. ಹುಡುಗ ಎರಡು ಹೆಜ್ಜೆ ಹಿಂದೆ ಹೋಗಿ ಅಕ್ಕಿ ಮೂಟೆಗೆ ಒರಗಿ ನಿಂತ. ಮಲಯಾಳಂನಲ್ಲಿ ಪಟ್ಟಿ ಅಂದರೆ ನಾಯಿ. ಅಮ್ಮ ಒಳಗಿಂದ ಒಂದು ಚೀಟಿ ತೆಗೆದಾಗ ಅವನ ಮುಖ ನೋಡಬೇಕಿತ್ತು. ಅವನು ಈಗ ನಮ್ಮೂರಿನವರಿಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ. ಅಮ್ಮನನ್ನು ಕಂಡರೆ ಮಾತ್ರ ‘ಪಟ್ಟಿ ಬಂತಾ ಅಮ್ಮ?’ ಅಂತ ಅವನೇ ಮೊದಲು ನಗುತ್ತಾನೆ.

ಯಾರ ಮಾತನ್ನು ಬರೆದಿರೋ ಅವರೆದುರು ಅದನ್ನು ಓದಿದರೆ ಅವರೂ ನಗಬೇಕು. ನಗುವುದಿಲ್ಲ ಅನಿಸಿದರೆ ಅದು ಪುಸ್ತಕಕ್ಕೆ ಬೇಡ. ಸಂತೆಯಲ್ಲಿ ನನಗೆ ಇರುವ ಕಾನೂನು ಇದೊಂದೇ.

ಏಪ್ರಿಲ್‌ನಲ್ಲಿ ಕೊಡವ ಹಾಕಿ ಹಬ್ಬ ನಡೆಯುವಾಗ ಒಂದು ದಿನ ಬಿಡುವು ಮಾಡಿಕೊಳ್ಳಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು, ಮನೆತನ ಮನೆತನದ ನಡುವಿನ ಪಂದ್ಯ. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಇರಬಹುದು. ಅಜ್ಜ ಚೆಂಡು ಬಿಟ್ಟರೆ ಮೊಮ್ಮಗ ಬೈಯುವ ಹಾಗಿಲ್ಲ. ಬೈಯದೆ ಇರಲು ಅವನು ಪಡುವ ಕಷ್ಟಕ್ಕೆ ಇಪ್ಪತ್ತು ಸೆಂಟ್ ಕಡ್ಡಾಯ.

6. ಕಕ್ಕಡ 18ಕ್ಕೆ ನೆಂಟರನ್ನು ಕರೆಯಿರಿ

ಕೊಡಗಿನಲ್ಲಿ ವರ್ಷಕ್ಕೊಮ್ಮೆ ಗ್ಯಾರಂಟಿಯಾಗಿ ಬರುವ ನಗು ಇದು. ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಹೊತ್ತಿಗೆ. ನಮ್ಮಲ್ಲಿ ಆಟಿ 18 ಅಂತಲೂ ಅನ್ನುತ್ತಾರೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಗುಣ ಸೇರಿರುತ್ತದೆ ಅಂತ ನಂಬಿಕೆ. ಬೇಲಿಯ ಬದಿಯಲ್ಲಿ, ನೆರಳಿನಲ್ಲಿ ಬೆಳೆಯುವ ಗಿಡ. ಪುಸ್ತಕದ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಆ ಹೊತ್ತಿಗೆ ಅದರ ಪರಿಮಳ ಒಂದು ಮಾರು ದೂರಕ್ಕೇ ಬರುತ್ತದೆ.

ಎಲೆ, ಕಾಂಡ ಎರಡನ್ನೂ ತೊಳೆದು, ತುಂಡು ಮಾಡಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿ. ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ಸೋಸಿದರೆ ನೇರಳೆ ಬಣ್ಣದ ರಸ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನತುರಿ, ಏಲಕ್ಕಿ ಹಾಕಿ. ತಿನ್ನುವಾಗ ಮೇಲೆ ತುಪ್ಪ, ಜೇನು. ಬೆಲ್ಲದಲ್ಲಿ ಕೈ ಹಿಡಿಯಬೇಡಿ.

ತಮಾಷೆ ಇರುವುದು ಮರುದಿನ. ಈ ಪಾಯಸ ತಿಂದವರ ಮೂತ್ರ ಕೆಂಪಗೆ ಬರುತ್ತದೆ. ಬಣ್ಣ ಬಂದರೆ ಮದ್ದು ಮೈಗೆ ಹಿಡಿದಿದೆ ಅಂತ ಹಿರಿಯರ ಲೆಕ್ಕ. ಇದು ಕೊಡಗಿನ ಮಕ್ಕಳಿಗೆಲ್ಲ ಗೊತ್ತು. ಮೈಸೂರಿನ ಬಾವನಿಗೆ ಗೊತ್ತಿರಲಿಲ್ಲ.

ಮದುವೆಯಾದ ಮೊದಲ ವರ್ಷ ಅವರು ಮೂರು ಬಟ್ಟಲು ತಿಂದರು. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಜಗಲಿಯಲ್ಲಿ ಅಪ್ಪನ ಪಕ್ಕ ಕೂತರು. ಮಳೆಯ ಬಗ್ಗೆ ಕೇಳಿದರು. ಕಾಫಿ ರೇಟು ಕೇಳಿದರು. ಅಪ್ಪ ಡಬ್ಬ ತರಲು ಎದ್ದಾಗ ಹಿಂದೆಯೇ ಕೊಡೆ ಹಿಡಿದು ಹೋಗಿ, ಮೆತ್ತಗೆ, ‘ಮಾವ, ಇಲ್ಲಿ ಹತ್ತಿರ ಒಳ್ಳೆ ಡಾಕ್ಟರ್ ಯಾರಿದ್ದಾರೆ?’ ಅಂದರು. ಅಪ್ಪ ಮುಖ ಗಂಭೀರ ಮಾಡಿಕೊಂಡು, ‘ಯಾಕೆ, ನಿಮಗೂ ಕೆಂಪಾ?’ ಅಂದರು. ಆ ‘ನಿಮಗೂ’ ಕೇಳಿ ಬಾವನ ಕೈಯಿಂದ ಕೊಡೆ ಬಿತ್ತು. ಅಡುಗೆ ಮನೆಯ ಕಿಟಕಿಯಲ್ಲಿ ನಾವೆಲ್ಲ ನಿಂತಿದ್ದೆವು. ಒಂದು ಇಂಚು ಐದು ಸೆಂಟ್.

ಆದರೆ ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇರುವವರಿಗೆ, ಸುಲಭಕ್ಕೆ ಹೆದರುವವರಿಗೆ ಮೊದಲೇ ಹೇಳಿಬಿಡಿ. ಬೇರೆ ದಿನಗಳಲ್ಲಿ ಮೂತ್ರಕ್ಕೆ ಕೆಂಪು ಬಣ್ಣ ಬಂದರೆ ಅದು ನಗುವ ವಿಷಯ ಅಲ್ಲ, ಡಾಕ್ಟರ್ ಹತ್ತಿರ ಹೋಗಲೇಬೇಕು. ಬಾವ ಈಗ ಪ್ರತಿ ವರ್ಷ ತಮ್ಮ ಆಫೀಸಿನಿಂದ ಒಬ್ಬರನ್ನು ಕರೆದುಕೊಂಡು ಬರುತ್ತಾರೆ. ಮೂರು ಬಟ್ಟಲು ಅವರೇ ಬಡಿಸುತ್ತಾರೆ.

7. ನಗು ಬರದ ಖುಷಿಗಳನ್ನೂ ಸೇರಿಸಿ

ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದು ದಿನ ಸಂಜೆ ಹೂ ಮಳೆ ಬೀಳುತ್ತದೆ. ಒಂದು ಇಂಚಿನ ಹತ್ತಿರ ಬಂದರೆ ಸಾಕು. ಆ ದಿನಾಂಕಕ್ಕೆ ಪುಸ್ತಕದಲ್ಲಿ ಒಂದು ಗುರುತು ಹಾಕಿ, ಎಂಟು ದಿನ ಎಣಿಸಿ. ಎಂಟು, ಒಂಬತ್ತು ಅಥವಾ ಹತ್ತನೇ ದಿನ ಬೆಳಿಗ್ಗೆ ಆರು ಗಂಟೆಗೆ ತೋಟದ ದಾರಿಯಲ್ಲಿ ನಿಂತುಕೊಳ್ಳಿ. ಗಿಡದ ರೆಂಬೆಗಳೆಲ್ಲ ಬಿಳಿ. ಮಲ್ಲಿಗೆಯ ಹತ್ತಿರದ ವಾಸನೆ, ಆದರೆ ಮಲ್ಲಿಗೆ ಅಲ್ಲ. ಬಿಸಿಲು ಏರಿದ ಮೇಲೆ ಜೇನುನೊಣಗಳ ಶಬ್ದ ದೂರದಲ್ಲಿ ಮೋಟಾರ್ ಓಡಿದ ಹಾಗೆ ಕೇಳುತ್ತದೆ. ಎರಡು ಮೂರು ದಿನ ಅಷ್ಟೇ. ಆಮೇಲೆ ಹೂ ಕಂದು ಬಣ್ಣಕ್ಕೆ ತಿರುಗುತ್ತದೆ. ತೋಟ ಇಲ್ಲದವರು ಆ ವಾರ ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಸಾಕು. ಗಾಜು ಸರಿಸಿ ಇಡಿ.

ಮಳೆ ಬರುವುದಿಲ್ಲ ಅಂತ ಅಪ್ಪ ಡೀಸೆಲ್ ತಂದು, ಪೈಪು ಎಳೆಸಿ, ಸ್ಪ್ರಿಂಕ್ಲರ್ ಹಾಕಿದ ರಾತ್ರಿಯೇ ಆಕಾಶ ಗುಡುಗುತ್ತದೆ. ಇದು ನಮ್ಮ ಪುಸ್ತಕದಲ್ಲಿ ಆರು ಸಲ ಇದೆ. ಖುಷಿಗೆ ಸೇರಿಸಬೇಕಾ ದುಃಖಕ್ಕಾ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಉಳಿದವು ಸಣ್ಣವು. ಒಲೆಯ ಮೇಲೆ ಹಾಕಿದ ಬಟ್ಟೆ ಬೆಚ್ಚಗೆ ಮೈಗೆ ತಾಗುವುದು. ಹಾಲಿಲ್ಲದ ಬೆಲ್ಲದ ಕಾಫಿ, ದೊಡ್ಡ ಲೋಟದಲ್ಲಿ. ಕಣಿಲೆ (ಎಳೆ ಬಿದಿರು) ಸಾರಿನ ದಿನ ಬಿಸಿ ಕಡಂಬುಟ್ಟು (ಅಕ್ಕಿಯ ಉಂಡೆ). ಹಂಚಿನ ಮೇಲೆ ಮಳೆಯ ಶಬ್ದ ಜಾಸ್ತಿಯಾಗಿ, ಅಜ್ಜಿ ಯಾರನ್ನೋ ಬೈಯುತ್ತಿರುವುದು ಯಾರಿಗೂ ಕೇಳದೆ ಇರುವುದು.

8. ಖಾಲಿ ಬಿಡಬೇಕಾದ ದಿನ ಖಾಲಿ ಬಿಡಿ

ಆಗಸ್ಟ್ 2018ರ ಪುಟದಲ್ಲಿ ತಿಂಗಳ ಮಧ್ಯದಿಂದ ಮುಂದೆ ಇಂಚೂ ಇಲ್ಲ, ಷರಾವೂ ಇಲ್ಲ. ನಮ್ಮ ಕಡೆಯ ಗುಡ್ಡಗಳು ಇಳಿದ ತಿಂಗಳು ಅದು. ನಾವು ಸೋಮವಾರಪೇಟೆಯ ನೆಂಟರ ಮನೆಗೆ ಹೋಗಿದ್ದೆವು. ಗೊತ್ತಿದ್ದವರ ಮನೆಗಳು ಇರಲಿಲ್ಲ. ಅಂಥ ದಿನಗಳಲ್ಲಿ ‘ಏನಾದರೂ ಒಳ್ಳೆಯದು ನೋಡು’ ಅಂತ ಯಾರಾದರೂ ಹೇಳಿದ್ದರೆ ಅಪ್ಪ ಪುಸ್ತಕವನ್ನೇ ಎಸೆಯುತ್ತಿದ್ದರು.

ವಾಪಸ್ ಬಂದಾಗ ಮನೆ ಇತ್ತು, ಕರೆಂಟ್ ಇರಲಿಲ್ಲ. ಸಣ್ಣ ಶಬ್ದಕ್ಕೂ ಎಚ್ಚರ ಆಗುತ್ತಿತ್ತು. ಬಂದ ನಾಲ್ಕನೇ ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಮನೆಯ ಹಿಂದಿನಿಂದ ಗರ್ರ್ ಅಂತ ಭಯಂಕರ ಶಬ್ದ. ಗುಡ್ಡ ಬಂತು ಅಂದುಕೊಂಡು ಎಲ್ಲರೂ ಅಂಗಳಕ್ಕೆ ಓಡಿದೆವು. ಅಮ್ಮನ ಕೈಯಲ್ಲಿ ಅಜ್ಜಿಯ ಮಾತ್ರೆ ಡಬ್ಬ. ಅಪ್ಪನ ಕೈಯಲ್ಲಿ ಮಳೆ ಪುಸ್ತಕ. ಅಂಗಳದಲ್ಲಿ ನಿಂತು ತಿರುಗಿ ನೋಡಿದರೆ ಮನೆಯ ಲೈಟೆಲ್ಲ ಉರಿಯುತ್ತಿದೆ. ಶಬ್ದ ಅಡುಗೆ ಮನೆಯಿಂದ ಬರುತ್ತಿದೆ. ಮನೆ ಬಿಡುವ ದಿನ ಚಟ್ನಿ ಅರೆಯುವಾಗ ಕರೆಂಟ್ ಹೋಗಿತ್ತು. ಮಿಕ್ಸಿಯ ಸ್ವಿಚ್ ಆರಿಸಲು ಎಲ್ಲರೂ ಮರೆತಿದ್ದೆವು.

ಅಮ್ಮ ಒಳಗೆ ಹೋದರು. ಶಬ್ದ ನಿಂತಿತು. ಬಾಗಿಲಿಗೆ ಬಂದು ಹೇಳಿದರು: ‘ಚಟ್ನಿ ಆಯ್ತು. ಬನ್ನಿ.’

ಅಜ್ಜಿ ಮೊದಲು ನಕ್ಕದ್ದು. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ಅಂತ ಗೊತ್ತಾಗಲಿಲ್ಲ. ಅದಕ್ಕೆ ಸೆಂಟ್ ಹಾಕಿಲ್ಲ. ‘ಕರೆಂಟ್ ಬಂತು’ ಅಂತ ಮಾತ್ರ ಇದೆ.

9. ಪೆನ್ಸಿಲ್ ಬಳಸಿ

ಶಾಯಿಯಲ್ಲಿ ಬರೆದರೆ ಜುಲೈ ಥಂಡಿಗೆ ಪುಟದ ಈಚೆಯದು ಆಚೆಗೆ ಇಳಿಯುತ್ತದೆ. ಪೆನ್ಸಿಲ್ ಒಳ್ಳೆಯದು. ಪುಸ್ತಕವನ್ನು ಗೋಡೆಯ ಕಪಾಟಿನಲ್ಲಿ ಇಡಬೇಡಿ, ಬೂಸ್ಟು ಬರುತ್ತದೆ. ಒಲೆಯ ಹತ್ತಿರದ ಹಲಗೆಯ ಮೇಲೆ ಇಡಿ, ತೀರಾ ಹತ್ತಿರ ಬೇಡ. ವರ್ಷದ ಕೊನೆಗೆ ಎರಡೂ ಕಾಲಂ ಕೂಡಿಸಿ. ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ಅಪ್ಪ ಮಳೆ ಕೂಡಿಸುತ್ತಾರೆ, ಅಮ್ಮ ಇನ್ನೊಂದನ್ನು ಜೋರಾಗಿ ಓದುತ್ತಾರೆ.

ಹಳೆಯ ಪುಸ್ತಕಗಳನ್ನು ಆರು ತಿಂಗಳಿಗೊಮ್ಮೆಯಾದರೂ ಬಿಸಿಲಿಗೆ ಹಾಕಿ. ನಾವು ಮರೆತದ್ದಕ್ಕೆ 1999ರದ್ದನ್ನು ಗೆದ್ದಲು ಪೂರ್ತಿ ತಿಂದಿದೆ. ಆ ವರ್ಷ ಒಟ್ಟು ಎಷ್ಟು ಮಳೆ ಅಂತ ಅಪ್ಪನನ್ನು ಕೇಳಿದರೆ ಹೇಳುತ್ತಾರೆ. ಕೇಳಿದಾಗಲೆಲ್ಲ ಎರಡು ಇಂಚು ಜಾಸ್ತಿ ಆಗಿರುತ್ತದೆ.